ನಾಲ್ಕು ಪ್ಲಗ್ಗಿಗೊಂದು ಕೊಸರು

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಕಾರ್ಕಳದ ಅತ್ತೆ ಮೋಹಿನಿಯಮ್ಮ ಲೀಲಾಧರಣ್ಣನನ್ನು ಬರಮಾಡಿಕೊಳ್ಳುವುದು ಒಂದೇ ಪ್ರಶ್ನೆಯಿಂದ. "ಬಸ್ಸಲ್ಲಿ ಬಂದದ್ದಾ ಅಳಿಯ?"

ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಬಸ್ಸಿನಲ್ಲೇ ಬಂದದ್ದು ತಾನೆ? ಆದರೆ ಕಿರಿಯ ಅಳಿಯ ಕಾರಿನಿಂದ ಇಳಿಯುವಾಗ ಆ ಬಾಯಿಗೆ ಇಂಥ ಪ್ರಶ್ನೆ ಬರುವುದಿಲ್ಲ. ಒಂದಲ್ಲ ಒಂದು ದಿನ ಹೆಂಡತಿ ಹರಿಣಾಕ್ಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರಿನಲ್ಲೇ ಆ ಅಂಗಳಕ್ಕೆ ಇಳಿಯಬೇಕು ಎಂಬುದು ಲೀಲಾಧರಣ್ಣನ ಜೀವಮಾನದ ಆಸೆ. ದೇವರ ಮುಂದೆ ಕೂಡ ಹೇಳಿಕೊಂಡಿರಲಿಲ್ಲ. (ಹೆಂಡತಿಗೆ ಹೇಗೋ ಗೊತ್ತಿತ್ತು.)

ಆಸೆ ಕೈಗೂಡಿಸಲು ಬಂದವನು ಹೆಂಡತಿಯ ತಮ್ಮ ರೂಪೇಶ್. ಮಣಿಪಾಲದಲ್ಲಿ ಕೆಲಸ, ಇನ್ನೂ ಮದುವೆಯಿಲ್ಲ, ಆದ್ದರಿಂದ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಸಾಕಿದ್ದ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಎರಡು ವಾರ ದುಬೈಗೆ ಹೊರಟವನು ಅದನ್ನು ಕಾಪುವಿಗೆ ತಂದು ಅಕ್ಕನ ಅಂಗಳದಲ್ಲಿ ನಿಲ್ಲಿಸಿದ.

"ಭಾವ, ಪ್ಲಗ್ ಹಳತಾಗಿದೆ, ಸ್ವಲ್ಪ ಜರ್ಕ್ ಹೊಡೆಯುತ್ತದೆ. ಗ್ಯಾರೇಜಿನಲ್ಲಿ ನಾಲ್ಕು ಪ್ಲಗ್ ಬದಲಿಸಿ, ಆದಿತ್ಯವಾರ ಅಕ್ಕನನ್ನು ಕೂರಿಸಿಕೊಂಡು ಕಾರ್ಕಳಕ್ಕೆ ಹೋಗಿ ಬನ್ನಿ."

ಗ್ಯಾರೇಜು! ಇಪ್ಪತ್ತೇಳು ವರ್ಷ ಮೀನಿನ ಬೋಟಿನಲ್ಲಿ ಎಂಜಿನ್ ನೋಡಿಕೊಂಡವರಿಗೆ, ನಡುಗಡಲಲ್ಲಿ ಆರು ಸಿಲಿಂಡರಿನ ರಾಕ್ಷಸನ ಹೊಟ್ಟೆ ಸೀಳಿ ಮತ್ತೆ ಹೊಲಿದವರಿಗೆ, ನಾಲ್ಕು ಪ್ಲಗ್ಗಿಗಾಗಿ ಗ್ಯಾರೇಜು! (ಆ ರಾಕ್ಷಸ ಡೀಸೆಲ್ ಕುಡಿಯುವವನು, ಅವನಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಆ ಗಳಿಗೆಯಲ್ಲಿ ಅವರಿಗೆ ಯಾರೂ ನೆನಪಿಸಲಿಲ್ಲ.)

ಶನಿವಾರ ಬೆಳಿಗ್ಗೆ ಲೀಲಾಧರಣ್ಣ ಕೈಬೀಸಿಕೊಂಡು ಉಡುಪಿಗೆ ಹೋದರು. ಬಿಡಿಭಾಗದ ಅಂಗಡಿಯ ಬ್ಯಾಪ್ಟಿಸ್ಟ್, "ಹಳೆ ಪ್ಲಗ್ಗಿನ ನಂಬರ್ ಎಷ್ಟು?" ಎಂದು ಕೇಳಿದರು.

"ನಂಬರೆಲ್ಲ ಎಂತಕ್ಕೆ? ಗಟ್ಟಿಮುಟ್ಟಾದದ್ದು ಕೊಡಿ. ಇದ್ದದ್ದರಲ್ಲಿ ಉದ್ದದ್ದು."

ಬ್ಯಾಪ್ಟಿಸ್ಟ್ ಒಂದು ಸಲ ಮುಖ ನೋಡಿ ಕೊಟ್ಟರು. ಗಿರಾಕಿಯೊಡನೆ ವಾದ ಮಾಡುವ ವಯಸ್ಸು ಅವರಿಗೂ ದಾಟಿತ್ತು.

ಮನೆಗೆ ಬಂದು ಒಂದು ಹಳೆಯ ಪ್ಲಗ್ ಬಿಚ್ಚಿ ಇಟ್ಟದ್ದೇ ತಡ, ಹರಿಣಾಕ್ಷಕ್ಕ ಪೇಟೆಯಿಂದ ಬಂದರು. ಕಾಪು ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸು. ಎರಡು ಮೀನು ಪಕ್ಕಪಕ್ಕ ಇಟ್ಟರೆ ಅರ್ಧ ಬೆರಳಿನ ವ್ಯತ್ಯಾಸವನ್ನು ಹತ್ತು ಮಾರು ದೂರದಿಂದ ಹೇಳಬಲ್ಲವರು. ಹಳೆಯ ಪ್ಲಗ್ಗಿನ ಪಕ್ಕದಲ್ಲಿ ಹೊಸದನ್ನು ಮಲಗಿಸಿ ನೋಡಿದರು.

"ಹಳೆಯದು ಗಿಡ್ಡ ಬೂತಾಯಿ, ಹೊಸದು ಉದ್ದದ ಕಾಣೆ ಮೀನು. ತಿರುಪಿರುವ ಭಾಗ ಉದ್ದ ಉಂಟಲ್ಲ ಮಾರಾಯ್ರೆ."

"ಉದ್ದ ಇದ್ದರೆ ಗಟ್ಟಿ ಕೂರುತ್ತದೆ. ನಿನಗೆ ಎಂತ ಗೊತ್ತು?"

"ನನಗೆ ಗೊತ್ತಿಲ್ಲ. ಒಳಗೆ ಎಂತದಕ್ಕಾದರೂ ತಾಗುವುದಿಲ್ವಾ ಅಂತ ಕೇಳಿದ್ದು."

ಒಳಗೆ ಏರಿಳಿಯುವ ಪಿಸ್ಟನ್ನು, ಅದರ ನೆತ್ತಿಗೆ ಬಡಿಯುವ ಪ್ಲಗ್ಗು, ದುಬೈಯಿಂದ ಇಳಿದು ಬರುವ ಭಾವಮೈದುನನ ಮುಖ, ಮೂರೂ ಒಟ್ಟಿಗೆ ಲೀಲಾಧರಣ್ಣನ ಕಣ್ಣ ಮುಂದೆ ಬಂದವು.

ಹರಿಣಾಕ್ಷಕ್ಕ ಹಳೆಯ ಪ್ಲಗ್ಗನ್ನು ಪೇಪರಿನಲ್ಲಿ ಸುತ್ತಿ, ಹೊಸ ನಾಲ್ಕನ್ನೂ ಚೀಲಕ್ಕೆ ಹಾಕಿ ತಾವೇ ಉಡುಪಿ ಬಸ್ಸು ಹತ್ತಿದರು. ಮಧ್ಯಾಹ್ನ ಸರಿಯಾದ ನಂಬರಿನ ಪ್ಲಗ್ ಹಿಡಿದು ಬಂದು ವರದಿ ಒಪ್ಪಿಸಿದರು. "ಅಂಗಡಿಯ ಪೊರ್ಬುಗಳು ಎಲ್ಲ ಹೇಳಿಕೊಟ್ಟರು. ಎಂಜಿನ್ ತಣ್ಣಗಿರಬೇಕು. ಒಂದು ಬಿಚ್ಚಿ ಒಂದು ಹಾಕಬೇಕು, ಇಲ್ಲದಿದ್ದರೆ ವಯರು ಅದಲುಬದಲು. ಗ್ರೀಸು ಬೇಡ. ಕೈಯಲ್ಲಿ ತಿರುಗಿಸಿ, ಕೂತ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಅಷ್ಟೇ. ಬದಲಿಸಿಯೂ ಕೊಟ್ಟರು. ಆಮೇಲೆ ಕೊಸರು ಕೇಳಿದೆ."

"ಪ್ಲಗ್ಗಿಗೆ ಕೊಸರಾ?" ಲೀಲಾಧರಣ್ಣ ಹಣೆ ಚಚ್ಚಿಕೊಂಡರು. "ಅದೇನು ಬಂಗುಡೆಯಾ, ಮೇಲೊಂದು ಹಾಕಿ ಕೊಡುವುದಕ್ಕೆ? ಇನ್ನು ಆ ಅಂಗಡಿಗೆ ನಾನು ಮುಖ ತೋರಿಸುವುದು ಹೇಗೆ ಮಾರಾಯ್ತಿ?"

ಹರಿಣಾಕ್ಷಕ್ಕ ಕೈಚೀಲದ ಬಾಯಿ ಮುಚ್ಚಿ, ಸ್ಪ್ಯಾನರನ್ನು ಗಂಡನ ಕೈಗಿಟ್ಟರು.

ಪ್ಲಗ್ ಪ್ರತಿಷ್ಠಾಪನೆ ಅವರ ಪೌರೋಹಿತ್ಯದಲ್ಲೇ ನಡೆಯಿತು. "ಕೈಯಲ್ಲಿ ತಿರುಗಿಸಿ. ಹಾಂ. ಈಗ ಅರ್ಧ ಸುತ್ತು. ಸಾಕು. ಸಾಕು ಅಂದೆ." ನಾಲ್ಕೂ ಕೂತವು. ಕೀಲಿ ತಿರುಗಿಸಿದರೆ ಕಾರು ಒಂದೂ ಜರ್ಕಿಲ್ಲದೆ ಗುರ್ರೆಂದಿತು.

ಆದರೆ ಲೀಲಾಧರಣ್ಣನ ಮನಸ್ಸಿಗೆ ಸಮಾಧಾನವಿಲ್ಲ. ಅರ್ಧ ಸುತ್ತು ಎಂದರೆ ಅದು ಕಟ್ಟುವುದಾ, ಮುಟ್ಟುವುದಾ? ಬೋಟಿನಲ್ಲಿ ಒಂದು ನಟ್ಟನ್ನು ಕಟ್ಟುವುದೆಂದರೆ ಸ್ಪ್ಯಾನರಿಗೆ ಮಾರುದ್ದದ ಪೈಪು ತೂರಿಸಿ, ಇಬ್ಬರು ಜೋತುಬಿದ್ದು, ಅದು ಅಯ್ಯೋ ಎನ್ನುವವರೆಗೆ ಬಿಗಿಯುವುದು. ಕಡಲಿನಲ್ಲಿ ಸಡಿಲ ಬಿಟ್ಟವನು ದಡ ಸೇರಲಾರ. ಸಂಜೆಗೆ ಎಂಜಿನ್ ತಣಿದಿತ್ತು, ಹೆಂಡತಿ ಒಳಗೆ ಮೀನು ಕಾಯಿಸುತ್ತಿದ್ದರು. ಕೈ ತುರಿಸಿತು. ಒಂದು ತುಂಡು ಪೈಪು ತೂರಿಸಿ ಮೂರನೆಯ ಪ್ಲಗ್ಗಿಗೆ ಕಾಲು ಸುತ್ತು ಕೊಟ್ಟರು. ಎಲ್ಲೋ 'ಕಟ್' ಎಂದಿತು. ಗಟ್ಟಿ ಕೂತಿತು ಎಂದು ಸಂತೋಷಪಟ್ಟರು. ಉಳಿದವಕ್ಕೂ ಅದೇ ಗತಿಯಾಗುತ್ತಿತ್ತು, ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಆದಿತ್ಯವಾರ ಬಿಳಿ ಶರ್ಟು, ಬಿಳಿ ಪಂಚೆ, ಪಕ್ಕದಲ್ಲಿ ರೇಷ್ಮೆ ಸೀರೆಯ ಹರಿಣಾಕ್ಷಕ್ಕ. ಶಿರ್ವದವರೆಗೆ ಕೆಂಪು ಕಾರು ತೇಲಿತು. ದಾರಿಯಲ್ಲಿ ಹಿಂದೆ ಬಿದ್ದ ಎರಡು ಬಸ್ಸುಗಳನ್ನು ಲೀಲಾಧರಣ್ಣ ಕನ್ನಡಿಯಲ್ಲಿ ಕಣ್ತುಂಬ ನೋಡಿದರು. ಬೆಳ್ಮಣ್ಣು ದಾಟಿ ಏರು ಬಂತು ನೋಡಿ, ಕಾರು ಬಿಕ್ಕಲು ಹಿಡಿಯಿತು.

ಲೀಲಾಧರಣ್ಣ ಬದಿಗೆ ನಿಲ್ಲಿಸಿ, ಕಿವಿಗೊಟ್ಟು, ಗಂಭೀರವಾಗಿ ನುಡಿದರು. "ಮೂರನೆಯದು ಮಾತಾಡುತ್ತಿಲ್ಲ."

ಹರಿಣಾಕ್ಷಕ್ಕ ನಿಧಾನಕ್ಕೆ ತಿರುಗಿದರು. "ಬಾನೆಟ್ ತೆಗೆಯದೆ ನಿಮಗೆ ಮೂರನೆಯದೇ ಅಂತ ಹೇಗೆ ಗೊತ್ತಾಯ್ತು?"

ಲೀಲಾಧರಣ್ಣ ಎದುರಿನ ಗುಡ್ಡವನ್ನು ನೋಡಿದರು. ಗುಡ್ಡ ಸಹಾಯಕ್ಕೆ ಬರಲಿಲ್ಲ.

ಹರಿಣಾಕ್ಷಕ್ಕ ಇಳಿದು ಡಿಕ್ಕಿ ತೆರೆದರು. ಸ್ಪ್ಯಾನರಿನ ಪಕ್ಕದಲ್ಲಿ ಮೊಳದುದ್ದದ ಪೈಪು ಸಾಕ್ಷಿ ಹೇಳಲು ಸಿದ್ಧವಾಗಿ ಮಲಗಿತ್ತು. "ಒಂದಕ್ಕೇ," ಎಂದರು ಲೀಲಾಧರಣ್ಣ, "ಅದೂ ಕಾಲು ಸುತ್ತು." ಆಮೇಲೆ ಸ್ವರ ಸಣ್ಣದಾಯಿತು. "ನಿನ್ನನ್ನು ಒಂದು ಸಲ ಕಾರಿನಲ್ಲಿ ತವರಿಗೆ ಇಳಿಸಬೇಕು ಅಂತ ಇತ್ತು. ದಾರಿಯಲ್ಲಿ ಸಡಿಲವಾದರೆ ಅಂತ ಹೆದರಿಕೆ. ಈಗ ಬಸ್ಸೇ ಗತಿ."

"ಬಸ್ಸಿಗೆ ಕೈ ಮಾಡಬೇಡಿ," ಎಂದ ಹರಿಣಾಕ್ಷಕ್ಕ ಕೈಚೀಲದಿಂದ ಪೇಪರಿನ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಹೊಸ ಪ್ಲಗ್ಗು.

"ಇದು ಎಲ್ಲಿಂದ?"

"ಕೊಸರು. ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ, ನಗಾಡಿಕೊಂಡು ಕೊಟ್ಟರು. ಇಪ್ಪತ್ತೆಂಟು ವರ್ಷದಿಂದ ನಿಮ್ಮ ಒಟ್ಟಿಗೆ ಇದ್ದೇನೆ. ಒಂದಕ್ಕಾದರೂ ನೀವು ಪೈಪು ಹಾಕದೆ ಇರುವವರಲ್ಲ ಅಂತ ನನಗೆ ಗೊತ್ತಿಲ್ವಾ?"

ಎಂಜಿನ್ ತಣಿಯುವವರೆಗೆ ಇಬ್ಬರೂ ಮರದಡಿ ಕೂತು, ಅತ್ತೆಗೆಂದು ಕಟ್ಟಿಕೊಂಡಿದ್ದ ಬನ್ಸ್ ಮುಗಿಸಿದರು. ಹೀಗೆ ಇಬ್ಬರೇ ಕೂತು ಎಷ್ಟು ಕಾಲವಾಯಿತು ಎಂದು ಲೀಲಾಧರಣ್ಣನಿಗೆ ನೆನಪಾಗಲಿಲ್ಲ. ಎದ್ದು ಸ್ಪ್ಯಾನರಿಗೆ ಕೈಚಾಚಿದರೆ ಹೆಂಡತಿ ಕೊಡಲಿಲ್ಲ. "ದೂರ ನಿಲ್ಲಿ. ಬಿಳಿ ಶರ್ಟು." ಮೀನಿನ ಬುಟ್ಟಿ ಎತ್ತಿ ಪಳಗಿದ ತೋಳು, ಅದೇ ಪೈಪಿನಿಂದ ಒಡೆದ ಪ್ಲಗ್ಗನ್ನು ಬಿಚ್ಚಿತು. ಹೊಸದು ಕೈಯಲ್ಲಿ ಕೂತಿತು, ಮತ್ತೆ ಅರ್ಧ ಸುತ್ತು. ಪೈಪು ಪಕ್ಕದ ಪೊದೆಗೆ ಹೋಯಿತು.

ಕಾರ್ಕಳದ ಅಂಗಳದಲ್ಲಿ ಕೆಂಪು ಕಾರು ನಿಂತಾಗ ಮೋಹಿನಿಯಮ್ಮ ಹೊರಗೆ ಬಂದರು. ಬಸ್ಸಿನ ಪ್ರಶ್ನೆ ಬಾಯಿಯಲ್ಲೇ ಉಳಿಯಿತು. ಇಪ್ಪತ್ತೆಂಟು ವರ್ಷದ ಭಾರ ಲೀಲಾಧರಣ್ಣನ ಎದೆಯಿಂದ ಇಳಿಯಿತು.

"ದಾರಿಯಲ್ಲಿ ಸ್ವಲ್ಪ ರಿಪೇರಿ ಇತ್ತು ಅತ್ತೆ, ಹಾಗಾಗಿ ತಡವಾಯ್ತು," ಎಂದರು, ಎದೆಯುಬ್ಬಿಸಿ.

"ಯಾರು ಮಾಡಿದ್ದು?"

ಲೀಲಾಧರಣ್ಣ ಬಾಯಿ ತೆರೆಯುವ ಮೊದಲೇ ಹರಿಣಾಕ್ಷಕ್ಕ ಹೇಳಿದರು. "ಇವರೇ ಅಮ್ಮ. ನಾನು ಸುಮ್ಮನೆ ಸ್ಪ್ಯಾನರು ಹಿಡಿದುಕೊಂಡದ್ದು."

ಮೋಹಿನಿಯಮ್ಮ ಮಗಳ ಮಸಿ ಹಿಡಿದ ಎರಡು ಕೈ, ಮೂಗಿನ ತುದಿಯ ಕಪ್ಪು, ಸೀರೆಯ ಸೆರಗು ನೋಡಿದರು. ಆಮೇಲೆ ಅಳಿಯನ ಶರ್ಟನ್ನು ಮೇಲಿನಿಂದ ಕೆಳಗೆ ನೋಡಿದರು. ಹಾಲಿನಷ್ಟು ಬಿಳುಪು.

"ಹೌದೌದು," ಎಂದರು. "ನಿಮ್ಮ ಮಾವನವರೂ ಎಲ್ಲ ರಿಪೇರಿ ಹೀಗೆಯೇ ಮಾಡುತ್ತಿದ್ದದ್ದು ಅಳಿಯ."