ಎಲೆ ನೋಡಿ ನೇಯಿಸಿದ ಸೀರೆ

ಬಣ್ಣದ ವಿಷಯದಲ್ಲಿ ನನ್ನ ಕಣ್ಣು ಎಂದೂ ತಪ್ಪುವುದಿಲ್ಲ ಎಂಬ ನಂಬಿಕೆ ನನಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಹತ್ತಿರ ಕಸೂತಿ ಕಲಿತವಳಲ್ಲವೇ? ಹೀಗಾಗಿ ನಾದಿನಿ ಗಿರಿಜಳ ನಿಶ್ಚಿತಾರ್ಥದ ಸೀರೆಯ ಜವಾಬ್ದಾರಿಯನ್ನು ಯಾರೂ ಕೇಳದಿದ್ದರೂ ನಾನೇ ವಹಿಸಿಕೊಂಡೆ.

ಎಲ್ಲಕ್ಕೂ ಮೂಲ ನಮ್ಮ ಚಳ್ಳಕೆರೆ ಮನೆಯ ಪಡಸಾಲೆಯ ನೆರಳಿನಲ್ಲಿದ್ದ ಕೋಲಿಯಸ್ ಗಿಡ. ಪಕ್ಕದ ಮನೆಯವರು ಕೊಟ್ಟ ಒಂದು ತುಂಡು ಕಡ್ಡಿ, ನೀರಿನ ಲೋಟದಲ್ಲಿಟ್ಟರೆ ಬೇರು ಬಿಟ್ಟಿತು. ಕುಂಡದಲ್ಲಿ ನೆಟ್ಟು, ತುದಿ ಚಿವುಟಿ ಚಿವುಟಿ ಪೊದೆ ಮಾಡಿದ್ದೆ. ಹೂವನ್ನು ಯಾರು ನೋಡುತ್ತಾರೆ? ಎಲೆಯೇ ಎಲ್ಲ! ಮಖಮಲ್ಲಿನಂಥ ಕಡುಗೆಂಪು, ಒಳಗೆ ಗುಲಾಬಿ ನರಗಳು, ಸುತ್ತಲೂ ಹಲ್ಲುಹಲ್ಲಾದ ಗಿಳಿಹಸಿರು ಅಂಚು. ಬೆಳಿಗ್ಗೆ ಅದನ್ನು ನೋಡುತ್ತ ನಿಂತರೆ ಕೈಯಲ್ಲಿನ ಕಾಫಿ ಆರಿಹೋಗುತ್ತಿತ್ತು.

“ಅತ್ತಿಗೆ, ನಂಗೆ ಇದೇ ಬಣ್ಣದ ಸೀರೆ ಬೇಕು,” ಅಂದಳು ಗಿರಿಜ.

“ಇದೇ ಬಣ್ಣ! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ!” ಎಂದು ಮಾತು ಕೊಟ್ಟೆ.

ಕುಂಡ ಎತ್ತಿಕೊಂಡು ಸೀರೆ ನೇಯಿಸಲು ಮೊಳಕಾಲ್ಮೂರಿಗೆ ಹೊರಟಾಗ ಯಜಮಾನರು ಕನ್ನಡಕ ಏರಿಸಿ ನೋಡಿದರು. “ಸೀರೆಗೆ ಬಣ್ಣ ಹೇಳಾಕೆ ಕುಂಡ ಹೊತ್ಕಂಡು ಹೋಗ್ತಾರೇನೇ? ಫೋಟೋ ಕಳ್ಸು.”

“ಫೋಟೋದಲ್ಲಿ ನಿಜವಾದ ಬಣ್ಣ ಬರಲ್ಲ ರೀ.”

“ಹಂಗಾದ್ರೆ ಒಂದು ಎಲೆ ಕಿತ್ಕಂಡು ಹೋಗು.”

“ಕಿತ್ತರೆ ಬಾಡುತ್ತೆ. ಬಾಡಿದರೆ ಬಣ್ಣ ಬದಲಾಗಲ್ವಾ?”

ಅವರು ಕನ್ನಡಕ ಇಳಿಸಿ ಪೇಪರಿಗೆ ಮರಳಿದರು. ವಿಜಯಿಯಾಗಿ ಬಸ್ಸು ಹತ್ತಿದೆ.

ಗಾಳಿ ತಾಗದಂತೆ ಸೆರಗು ಹೊದಿಸಿ, ಗಿಡವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್ ಬಗ್ಗಿ ನೋಡಿ, “ಕೂಸಿಗೆ ಟಿಕೀಟು ಬ್ಯಾಡ ಬಿಡ್ರಿ, ಇನ್ನಾ ಸಣ್ಣದೈತೆ,” ಅಂದ. ಬಸ್ಸೆಲ್ಲ ನಕ್ಕಿತು!

ನೇಕಾರ ನರಸಿಂಹಪ್ಪನವರ ಮನೆ ತಲುಪುವಾಗ ಎಲೆಗಳೆಲ್ಲ ಸೋತು ಜೋತುಬಿದ್ದಿದ್ದವು. ಅವರ ಹೆಂಡತಿ ಲಕ್ಷ್ಮಕ್ಕ ಒಂದು ಚೊಂಬು ನೀರು ಹಾಕಿದರು. ನಾನು ಟೀ ಕುಡಿದು ಲೋಟ ಇಡುವಷ್ಟರಲ್ಲಿ ಗಿಡ, ಏನೂ ಆಗಿಯೇ ಇಲ್ಲವೆಂಬಂತೆ, ಒಂದೊಂದೇ ಎಲೆ ಎತ್ತಿ ನೆಟ್ಟಗೆ ನಿಂತಿತು! ಮಗ್ಗದ ಸದ್ದು ನಿಂತಿತು. ಮೂವರೂ ಬಾಯಿ ಬಿಟ್ಟುಕೊಂಡು ನೋಡಿದೆವು.

ಆಮೇಲೆ ನನ್ನ ಐತಿಹಾಸಿಕ ಆಜ್ಞೆ ಹೊರಟಿತು. “ನರಸಿಂಹಪ್ಪನವರೇ, ಗಿಡ ಇಲ್ಲೇ ಇರಲಿ. ಅಡ್ಡನೂಲಿಗೆ ಪ್ರತಿಸಲ ಬಣ್ಣ ಹಾಕುವಾಗಲೂ ಎಲೆ ನೋಡಿಯೇ ಹಾಕಬೇಕು. ನಿಮ್ಮ ನೆನಪನ್ನು ನಂಬಬೇಡಿ, ಎಲೆಯನ್ನು ನಂಬಿ!”

“ಆಯ್ತಮ್ಮಾ. ಎಲೆ ಹೆಂಗೈತೋ ಹಂಗೆ.”

ಮುಂದಿನ ವಾರಗಳಲ್ಲಿ ನಡುನಡುವೆ ಫೋನು ಮಾಡುತ್ತಿದ್ದೆ.

“ಎಲೆ ಥರಾನೇ ಬಂದಿದೆಯಾ?”

“ಅಚ್ಚು ಎಲೆ ಥರಾನೇ ಅಮ್ಮಾ!”

ಇನ್ನೇನು ಬೇಕು? ಎದುರುಮನೆಯವರಿಗೂ ಹೇಳಿಕೊಂಡು ಬಂದೆ.

ನಿಶ್ಚಿತಾರ್ಥದ ಹಿಂದಿನ ದಿನ ಸೀರೆ ತರಲು ಹೋದೆ. ಅವರ ಮಾಳಿಗೆಯ ಮೇಲೆ, ಸುಡುವ ಬಿಸಿಲಲ್ಲಿ, ತಾಮ್ರದ ಛಾಯೆಯ ತೆಳುಹಸಿರು ಗಿಡವೊಂದು ಕಂಡಿತು.

“ಅದ್ಯಾವ ಗಿಡ ಲಕ್ಷ್ಮಕ್ಕ?”

“ನಿಮ್ದೇ ಅಮ್ಮಾ! ಪಾಪ, ಕತ್ಲಾಗಿತ್ತು ಅಂತ ಬಿಸಿಲಿಗಿಟ್ಟೆ. ಭಾಳ ಜೋಪಾನ ಮಾಡೀನಿ!”

ನರಸಿಂಹಪ್ಪ ಅಭಿಮಾನದಿಂದ ಸೀರೆ ಬಿಚ್ಚಿದರು. ಈ ತುದಿಯಲ್ಲಿ ಕಡುಗೆಂಪು. ಮೊಳ ಕಳೆಯುತ್ತಿದ್ದಂತೆ ಗುಲಾಬಿ. ಆಮೇಲೆ ತಾಮ್ರ. ಸೆರಗಿನ ಹೊತ್ತಿಗೆ ಹೊಂಬಿಸಿಲಿನಂಥ ಹಸಿರು!

“ಏನ್ರೀ ಇದು?”

“ಎಲೆ ಅಮ್ಮಾ. ದಿನಾ ಒಂದೊಂದು ಥರ ಮಾಡ್ತಿತ್ತು. ಹೈರಾಣಾಗೋದೆ! ಆದ್ರೂ ಬಿಡ್ಲಿಲ್ಲ.”

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಆಜ್ಞೆ ನನ್ನದೇ!

ಮನೆಯಲ್ಲಿ ಗಿರಿಜ ಸೀರೆಯನ್ನು ಮಂಚದ ಮೇಲೆ ಹರಡಿದಳು. ಬೇರೆ ಸೀರೆ ತರಲು ಹೊತ್ತಿಲ್ಲ. ಅವಳು ಅತ್ತರೆ ನಾನು ಯಾವ ಮುಖ ಇಟ್ಟುಕೊಂಡು ಪಂಕ್ತಿಯಲ್ಲಿ ಬಡಿಸಲಿ? ಅವಳು ಈ ತುದಿಯಿಂದ ಆ ತುದಿಗೆ ಬೆರಳು ಸವರುತ್ತ ಹೋದಳು. ನಾನು ಬಗ್ಗಿ ನೋಡಿದೆ. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾದ ಜಾಗ ಎಲ್ಲೂ ಸಿಗಲಿಲ್ಲ. ಕೆಂಪು ಯಾವಾಗ ಹಸಿರಿಗೆ ಒಪ್ಪಿಕೊಂಡಿತೋ!

“ಅತ್ತಿಗೆ,” ಅಂದಳು ಮೆಲ್ಲಗೆ, “ಇದನ್ನ ಹೆಂಗೆ ಹೇಳಿ ಮಾಡಿಸಿದ್ರಿ?”

ಮಾರನೆಯ ದಿನ ಉಟ್ಟಳು. ನಾನು ಮಾತು ಕೊಟ್ಟಿದ್ದ ಕಡುಗೆಂಪು ಸೊಂಟದೊಳಗೆ ಸಿಕ್ಕಿಸಿಕೊಂಡು ಪೂರ್ತಿ ಮಾಯವಾಯಿತು. ಹೊರಗೆ ಉಳಿದದ್ದೆಲ್ಲ ಬಿಸಿಲಿನ ಕೆಲಸ. ನೋಡಿದವರು ಕಣ್ಣು ಕೀಳಲಿಲ್ಲ!

ಗಂಡಿನ ತಾಯಿ ಸೆರಗು ಹಿಡಿದು, “ಇಂಥಾ ಬಣ್ಣ ಆರಿಸಾಕೆ ಕಣ್ಣು ಬೇಕು ನೋಡ್ರಿ! ಮದ್ವೆಗೆ ನಮ್ಮನೆ ಹೆಣ್ಮಕ್ಳಿಗೂ ಇಂಥದ್ದೇ ನೇಯಿಸಿಕೊಡ್ರಮ್ಮಾ,” ಅಂದರು.

“ಅದಕ್ಕೇನಂತೆ!” ಎಂದು ವಿನಯದಿಂದ ತಲೆ ಬಾಗಿಸಿದೆ. ಯಜಮಾನರಿಗೆ ಪಾಯಸ ನೆತ್ತಿಗೇರಿತು.

ಹಿತ್ತಲಿಗೆ ಓಡಿ ಫೋನು ಹಚ್ಚಿದೆ. “ನರಸಿಂಹಪ್ಪನವರೇ, ಗಿಡ ಬಿಸಿಲಲ್ಲೇ ಇರಲಿ, ಅಲುಗಿಸಬೇಡಿ!”

“ಅಯ್ಯೋ, ಗಾಬರಿ ಬ್ಯಾಡ ಅಮ್ಮಾ. ನೀವು ಹೋಗೋವಾಗ ನಿಮ್ಮ ಮುಖ ನೋಡಿ ನಮ್ಮವಳು ನಿನ್ನೆನೇ ನೆರಳಿಗೆ ತಂದಿಟ್ಲು. ನಡು ಮನೇಲೇ ಐತೆ. ಇನ್ನು ಹೊಸ ಚಿಗುರೆಲ್ಲ ಕೆಂಪಗೇ ಬರ್ತೈತೆ. ನಿಮಗೆ ಬೇಕಾಗಿದ್ದು ಅದೇ ಬಣ್ಣ ಅಲ್ವಾ?”

ಒಳಗಿನಿಂದ ಗಂಡಿನ ತಾಯಿಯ ದನಿ ಕೇಳಿಸಿತು: “ಆ ಬಣ್ಣ ಆರಿಸಿದ ಅತ್ತಿಗೆ ಎಲ್ಲಿ? ಇನ್ನೊಂಚೂರು ಕೇಳೋದೈತೆ.”

ಬಣ್ಣ ಬದಲಿಸಲು ಆ ಗಿಡಕ್ಕೆ ವಾರಗಟ್ಟಲೆ ಬಿಸಿಲು ಬೇಕಾಗಿತ್ತು. ನನ್ನ ಮುಖಕ್ಕೆ ಅಷ್ಟು ದನಿ ಸಾಕಾಯಿತು!