ಬಂಟ್ವಾಳದ ಕಲ್ಯಾಣಿ

ಆದಿರಾಜ ಮಾಸ್ತರರು ಟೈಪ್ ಮಾಡಲು ಒಪ್ಪದೆ ಹೋದದ್ದು ಒಂದೇ ಒಂದು ಸಾಲನ್ನು. ಅಷ್ಟಕ್ಕೇ ಸಂಜೆಯಾಗುವಾಗ ಮೂಡಬಿದಿರೆಯಲ್ಲಿ ಅವರ ಮಾನ ಮೂರು ಕಾಸಿಗೆ ಹರಾಜಾಯಿತು.

ಬಸ್‌ಸ್ಟ್ಯಾಂಡಿನ ಎದುರು ಮಾಳಿಗೆಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕೆಳಗೆ ಯಾಕೂಬನ ಚಾದ ಹೋಟೆಲು. ಒಂದು ಕೊಂಬು ತಪ್ಪಿದರೂ ಇಡೀ ಹಾಳೆಯನ್ನು ಹರಿದೆಸೆಯುವ ಜಾತಿ ಮಾಸ್ತರರದು. ಅಂಥವರ ಮುಂದೆ ಅಂದು ಬೆಳಿಗ್ಗೆ ಜವಳಿ ಅಂಗಡಿಯ ರಮಾನಾಥ ಕಾಮತರು ಮಾನಪತ್ರದ ಕರಡು ತಂದಿಟ್ಟರು. ಊರಿನ ಸಂಗೀತ ಸಭೆಗೆ ಕಾಮತರು ಅಧ್ಯಕ್ಷರು, ಆದಿರಾಜರು ಕಾರ್ಯದರ್ಶಿ. ಸಂಜೆ ಮೈಸೂರು ಕಡೆಯ ವಿದ್ವಾನ್ ಸೋಸಲೆ ಅಪ್ರಮೇಯ ಭಾಗವತರ ಹಾಡುಗಾರಿಕೆ. ಅದಕ್ಕೆ ಮೊದಲು ಸನ್ಮಾನ.

ಟಪಟಪನೆ ಓಡುತ್ತಿದ್ದ ಮಾಸ್ತರರ ಬೆರಳು ಒಂದು ಸಾಲಿನ ಹತ್ತಿರ ಬಂದು ಗಕ್ಕನೆ ನಿಂತಿತು. ‘ಹತ್ತು ವರ್ಷಗಳ ಹಿಂದೆ ಬಂಟ್ವಾಳದಲ್ಲಿ ತಾವು ನಡೆಸಿದ ಅವಿಸ್ಮರಣೀಯ ಕಛೇರಿಯ ನಾದವು ಇಂದಿಗೂ ನಮ್ಮ ಕಿವಿಗಳಲ್ಲಿ ಗುಂಯ್‌ಗುಡುತ್ತಿದೆ.’

“ಇದು ಯಾವ ಕಛೇರಿ?”

“ಯಾವುದು ಅಂದರೆ? ಎಮರ್ಜೆನ್ಸಿಗೆ ಮೊದಲಿನ ಬೇಸಿಗೆಯಲ್ಲಿ ಆದದ್ದು ಮಾರಾಯ್ರೆ!”

“ಅದು ಆಗಲಿಲ್ಲ,” ಎಂದರು ಆದಿರಾಜರು. “ನಾನು ಹೋಗಿದ್ದೆ. ಎರಡನೇ ಸಾಲಿನಲ್ಲಿ ಕೂತಿದ್ದೆ. ಗಾಳಿಮಳೆ ಬಂದು ಚಪ್ಪರ ಬಿತ್ತು. ಭಾಗವತರ ಕಾರು ದಾರಿಯಲ್ಲಿ ಮಾಣಿ ಪೇಟೆಯ ಹತ್ತಿರ ಹಾಳಾಗಿ ನಿಂತಿತಂತೆ. ಅವರು ಬರಲೇ ಇಲ್ಲ.”

ಕಾಮತರು ಬಟ್ಟೆ ಅಳೆಯುವ ಕೋಲು ನುಂಗಿದವರ ಹಾಗೆ ನೆಟ್ಟಗಾದರು. “ನಾನೇ ಕೇಳಿದ್ದೇನಲ್ಲ! ಕಲ್ಯಾಣಿ! ಒಂದೇ ರಾಗ, ಮೂರು ಗಂಟೆ! ಅವರ ಸ್ವರ ಮೇಲೆ ಹೋದ ಹಾಗೆ ನನ್ನ ಪಕ್ಕದ ವಕೀಲರು ಶಾಲಿನಲ್ಲಿ ಕಣ್ಣು ಒರೆಸಿಕೊಂಡರು. ಆ ಶಾಲು ಅವರಿಗೆ ಮಾರಿದ್ದು ನಾನೇ!”

ಅಷ್ಟರಲ್ಲಿ ಚಾ ತಂದ ಯಾಕೂಬ ಗ್ಲಾಸು ಕೆಳಗಿಡುವುದನ್ನೇ ಮರೆತ. “ಆ ಕಛೇರಿಯಾ? ರಾಗಗೀಗ ನನಗೆ ಗೊತ್ತಿಲ್ಲ ಮಾಷ್ಟ್ರೇ. ಆದರೆ ಸ್ಟೇಜಿನ ಹಿಂದೆ ಅವರಿಗೆ ಚಾ ಕೊಟ್ಟದ್ದು ಈ ಕೈ. ಒಂದು ಗುಟುಕು ಕುಡಿದು ಸ್ವರ ಎತ್ತಿದರು ನೋಡಿ, ಹೊಳೆಯ ಆಚೆ ಪಾಣೆಮಂಗಳೂರಿನ ನಾಯಿಗಳು ಸಮೇತ ಬೊಗಳುವುದು ನಿಲ್ಲಿಸಿದವು.”

“ಅಷ್ಟು ದೂರದ ನಾಯಿ ಬೊಗಳದೆ ಇದ್ದದ್ದು ನಿನಗೆ ಹೇಗೆ ಕೇಳಿತು?”

“ಕೇಳಲಿಲ್ಲವಲ್ಲ! ಅದನ್ನೇ ನಾನು ಹೇಳುವುದು!”

ಟೈಪು ಕಲಿಯುತ್ತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಕಾಮತರು ಎದ್ದರು. “ಆ ಸಾಲನ್ನೂ ಟೈಪ್ ಹೊಡೆಯಿರಿ. ಇಲ್ಲದಿದ್ದರೆ ಸಂಜೆ ವೇದಿಕೆ ಹತ್ತಬೇಡಿ. ಕಾರ್ಯದರ್ಶಿ ಬೇರೆಯವರು ಆಗ್ತಾರೆ.”

“ಹತ್ತುವುದಿಲ್ಲ! ಸುಳ್ಳನ್ನು ನನ್ನ ಮಿಶನ್ ಹೊಡೆಯುವುದಿಲ್ಲ. ಬಂಟ್ವಾಳಕ್ಕೇ ಹೋಗಿ ಸಾಕ್ಷಿ ತರ್ತೇನೆ, ನೋಡಿ!” ಎಂದು ಆದಿರಾಜರು ಕೊಡೆ ಎತ್ತಿಕೊಂಡು ಮೆಟ್ಟಿಲಿಳಿದರು.

ಸುದ್ದಿ ಅವರಿಗಿಂತ ಮೊದಲೇ ಬಸ್ಸು ಹತ್ತಿತ್ತು. “ಕಛೇರಿ ಆಗಲೇ ಇಲ್ಲ ಅಂತ ಹೇಳ್ತೀರಂತೆ ಮಾಷ್ಟ್ರೇ?” ಎಂದು ಕಂಡಕ್ಟರು ಟಿಕೇಟು ಹರಿಯುತ್ತಲೇ ಕೇಳಿದ. “ನಮ್ಮ ಭಾವ ಹೋಗಿದ್ದರು. ಮನೆಗೆ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅಷ್ಟು ಹಿಡಿದಿತ್ತಂತೆ!”

“ನಿನ್ನ ಭಾವನಿಗೆ ಶೀತ ಆಗಿ ಗಂಟಲು ಕಟ್ಟಿರಬೇಕು. ಅವತ್ತು ನೆನೆದವರಿಗೆಲ್ಲ ಆಗಿತ್ತು,” ಎಂದರು ಆದಿರಾಜರು. ಬಸ್ಸಿಡೀ ಅವರನ್ನು ದೇವರ ಪ್ರಸಾದ ಬೇಡವೆಂದವನನ್ನು ನೋಡುವ ಹಾಗೆ ನೋಡಿತು.

ಬಂಟ್ವಾಳದಲ್ಲಿ ಅವರು ಮೊದಲು ಹುಡುಕಿದ್ದು ಚಪ್ಪರದ ಡೊಂಬಯ್ಯನನ್ನು. ಅಂದು ಚಪ್ಪರ ಹಾಕಿದವನು ಅವನೇ. ಮುದುಕ ಅಂಗಳದಲ್ಲಿ ಕೂತು ತೆಂಗಿನ ಗರಿ ಹೆಣೆಯುತ್ತಿದ್ದ.

“ಡೊಂಬಯ್ಯ, ಭಾಗವತರ ಕಛೇರಿಯ ದಿನ ನಿನ್ನ ಚಪ್ಪರ ಬಿತ್ತಲ್ಲ, ನೆನಪುಂಟಾ?”

ಡೊಂಬಯ್ಯನ ಕೈ ನಿಂತಿತು. “ನನ್ನ ಚಪ್ಪರ? ಬೀಳುವುದಾ? ಬೆಳ್ತಂಗಡಿಯಿಂದ ಮೂಡಬಿದಿರೆಯವರೆಗೆ ಕೇಳಿ ನೋಡಿ. ಮದುಮಕ್ಕಳ ಸಂಸಾರ ಬಿದ್ದದ್ದುಂಟು, ನನ್ನ ಚಪ್ಪರ ಬಿದ್ದದ್ದಿಲ್ಲ!”

“ಹಾಗಾದರೆ ನನ್ನ ತಲೆಯ ಮೇಲೆ ಬಿದ್ದದ್ದು ಏನು?”

“ಸಂಗೀತ ಇರಬೇಕು,” ಎಂದು ಡೊಂಬಯ್ಯ ಮತ್ತೆ ಹೆಣೆಯತೊಡಗಿದ.

ಮೈಕ್‌ಸೆಟ್ಟಿನ ಅಬ್ದುಲ್ ವಹಾಬರು ಮರ್ಯಾದಸ್ಥರು. ಕುರ್ಚಿ ಕೊಟ್ಟು, ಶರಬತ್ತು ತರಿಸಿ, ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಆದಿರಾಜರಿಗೆ ಜೀವ ಬಂದಂತಾಯಿತು.

“ನೋಡಿ ಮಾಷ್ಟ್ರೇ, ಮಳೆಗೆ ನನ್ನ ಮೈಕ್ ಸತ್ತುಹೋಯಿತು ಅಂತ ನಾನೇ ಹೇಳಿದರೆ ನಾಳೆ ಉರೂಸಿಗೆ ನನ್ನನ್ನು ಯಾರು ಕರೀತಾರೆ? ನೀವು ನಿಜ ಕೇಳಿದ್ದೀರಿ, ನಿಜವನ್ನೇ ಹೇಳ್ತೇನೆ.” ವಹಾಬರು ಅವರ ಕಡೆಗೆ ಬಾಗಿದರು. “ಅಂಥ ಕಲ್ಯಾಣಿ ನನ್ನ ಹಾರ್ನಿನಲ್ಲಿ ಮತ್ತೆ ಬರಲೇ ಇಲ್ಲ.”

ಬರಿಗೈಯಲ್ಲಿ ಮನೆ ಸೇರಿ ಹೊತ್ತು ಮೀರಿದ ಊಟಕ್ಕೆ ಕೂತ ಆದಿರಾಜರು ಹೆಂಡತಿ ಅನಂತಮತಿಯ ಮುಂದೆ ಹೊಟ್ಟೆಯ ಸಂಕಟವನ್ನೆಲ್ಲ ಕಾರಿದರು. ಸಾರು ಬಡಿಸುತ್ತಿದ್ದ ಆಕೆಯ ಸೌಟು ನಡುದಾರಿಯಲ್ಲೇ ನಿಂತಿತು.

“ಆಗಲೇ ಇಲ್ಲವಾ ಆ ಕಛೇರಿ?”

“ಇಲ್ಲ ಅಂತ ಬೆಳಿಗ್ಗೆಯಿಂದ ಬಡಿದುಕೊಳ್ತಾ ಇದ್ದೇನೆ!”

“ಸರಿಯಾಗಿ ನೆನಪು ಮಾಡಿಕೊಳ್ಳಿ.”

“ಚಂದ್ರನಾಥ ಸ್ವಾಮಿಯ ಆಣೆ! ಒಂದು ಸ್ವರ ಸಹ ಹಾಡಲಿಲ್ಲ!”

ಅನಂತಮತಿ ಸಾರನ್ನು ಬಟ್ಟಲಿಗೆ ಬಡಿಸದೆ ಪಾತ್ರೆಗೇ ಸುರಿದಳು. “ಸಂಜೆ ನಾನೂ ಬರ್ತೇನೆ,” ಎಂದಳು. ಇಡೀ ಜಗತ್ತಿನಲ್ಲಿ ತನ್ನ ಪಕ್ಷಕ್ಕೆ ಒಬ್ಬಳಾದರೂ ಇದ್ದಾಳಲ್ಲ ಎಂದು ಆದಿರಾಜರು ಬರೀ ಅನ್ನವನ್ನೇ ಸಂತೋಷದಿಂದ ಉಂಡರು.

ಸಂಜೆ ಶಾಲೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಸರ ಕಡೆ ಕೊನೆಯ ಬೆಂಚಿನಲ್ಲಿ ಆದಿರಾಜರು, ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಅನಂತಮತಿ. ವೇದಿಕೆಯಲ್ಲಿ ಬೇರೆ ಯಾರೋ ಹೊಡೆದುಕೊಟ್ಟ ಮಾನಪತ್ರವನ್ನು ಹಿಡಿದು ಕಾಮತರು ಓದುತ್ತಾ ಓದುತ್ತಾ ಬಂಟ್ವಾಳಕ್ಕೆ ಬಂದರು. ಕಿವಿಗಳಲ್ಲಿ ಗುಂಯ್‌ಗುಡುತ್ತಿದೆ ಎಂದದ್ದೇ ತಡ, ಆದಿರಾಜರು ಬೆಂಚಿನ ಮೇಲೆಯೇ ಹತ್ತಿ ನಿಂತರು.

“ಭಾಗವತರೇ, ಒಂದು ಮಾತು!”

“ಕೂತ್ಕೊಳ್ಳಿ! ಇಳಿಸಿ ಅವರನ್ನು!” ಎಂದು ಸಭೆ ಕೂಗಿತು. ಒಬ್ಬರು ಪಂಚೆ ಹಿಡಿದು ಎಳೆದರು. ಆದಿರಾಜರು ಒಂದು ಕೈಯಲ್ಲಿ ಪಂಚೆಯನ್ನೂ ಇನ್ನೊಂದರಲ್ಲಿ ಕಿಟಕಿಯ ಸರಳನ್ನೂ ಗಟ್ಟಿಯಾಗಿ ಹಿಡಿದುಕೊಂಡು ಕೇಳಿಯೇ ಕೇಳಿದರು. “ಅವತ್ತು ಬಂಟ್ವಾಳದಲ್ಲಿ ತಾವು ಹಾಡಿದ್ದು ಹೌದಾ? ನೀವೇ ಹೇಳಿ!”

ಭಾಗವತರು ಬಾಯಿಯ ತಾಂಬೂಲವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. “ಇಲ್ಲಪ್ಪ, ಹಾಡಲಿಲ್ಲ. ಮಾಣಿ ಹತ್ರ ಕಾರು ಕೆಟ್ಟೋಯ್ತು. ಅಂಗಡಿ ಜಗಲೀಲಿ ಕೂತಿದ್ದು ಬೆಳಿಗ್ಗೆ ವಾಪಸ್ ಹೋದೆ. ಆಮೇಲೆ ಈ ಕಡೆಯೋರು ಎಲ್ಲಿ ಸಿಕ್ಕಿದ್ರೂ ಆ ಕಲ್ಯಾಣೀನೇ ಹೊಗಳ್ತಾರೆ. ಎಷ್ಟೋ ಕಡೆಯಿಂದ ಕರೆ ಬಂದಿದ್ದೇ ಅದರಿಂದ. ಯಾರು ಹಬ್ಬಿಸಿದ್ರೋ ಪುಣ್ಯಾತ್ಮರು!”

ಬಾಗಿಲ ಬಳಿಯಿಂದ ಯಾಕೂಬನ ಸ್ವರ ಮಾತ್ರ ಕೇಳಿತು. “ಹಾಗಾದರೆ ನಾನು ಚಾ ಕೊಟ್ಟದ್ದು ಯಾರಿಗೆ?”

ಆದಿರಾಜರ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಅಲ್ಲಿಗೆ ಇಳಿದು ಕೂತಿದ್ದರೆ ಆಗುತ್ತಿತ್ತು. ಆದರೆ ಬೆಳಿಗ್ಗೆಯಿಂದ ಉಂಡ ಅವಮಾನ ಸುಮ್ಮನೆ ಬಿಡಬೇಕಲ್ಲ! “ಕಾಮತರೇ, ಈ ಕಲ್ಯಾಣಿಯ ಕತೆ ನಿಮಗೆ ಹೇಳಿದ್ದು ಯಾರು? ಈ ಸುಳ್ಳಿನ ಬೇರು ಎಲ್ಲಿ ಉಂಟು ಅಂತ ಇವತ್ತೇ ತಿಳಿಯಬೇಕು!”

ಕಾಮತರು ಬೆವರಿದರು. “ನಾನು... ನನಗೆ ನಮ್ಮ ಮನೆಯವಳು ಹೇಳಿದ್ದು.”

ಹೆಂಗಸರ ಕಡೆಯಿಂದ ಕಾಮತರ ಹೆಂಡತಿ ಶ್ರೀಮತಿಬಾಯಿ ಎದ್ದರು. “ನನಗೆ ಅನಂತಮತಿ ಹೇಳಿದ್ದು.”

ಎಲ್ಲರ ಕತ್ತೂ ತಿರುಗಿತು. ಅನಂತಮತಿ ಸೆರಗು ಸರಿಮಾಡಿಕೊಂಡು ನಿಂತಳು.

“ನನಗೆ ಇವರೇ ಹೇಳಿದ್ದು.”

ಆದಿರಾಜರ ಕೈಯಿಂದ ಕಿಟಕಿಯ ಸರಳು ಜಾರಿತು.

“ಅವತ್ತು ಶಿರ್ತಾಡಿಯಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ,” ಎಂದಳು ಅನಂತಮತಿ. “ಬನ್ನಿ ಅಂತ ಕಾಲು ಹಿಡಿದೆ. ಜಗಳ ಮಾಡಿ ಬಂಟ್ವಾಳಕ್ಕೆ ಹೋದರು. ಬೆಳಿಗ್ಗೆ ಒದ್ದೆಯಾಗಿ ಬಂದು, ‘ನಿಶ್ಚಿತಾರ್ಥ ಯಾವಾಗಲೂ ಆಗ್ತದೆ, ಮೂರು ಗಂಟೆಯ ಇಂಥ ಕಲ್ಯಾಣಿ ಇನ್ನು ಕೇಳಲಿಕ್ಕಿಲ್ಲ’ ಅಂದರು. ಕಣ್ಣಲ್ಲಿ ನೀರು ಸಹ ಇತ್ತು. ನಂಬಿದೆ. ಭಾವ ಯಾಕೆ ಬರಲಿಲ್ಲ ಅಂತ ತಂಗಿ ಮುನಿಸಿಕೊಂಡರೆ ಅವಳಿಗೂ ಅದನ್ನೇ ಹೇಳಿದೆ. ಕೇಳಿದವರಿಗೆಲ್ಲ ಹೇಳಿದೆ.”

ಆದಿರಾಜರಿಗೆ ಆಗ ನೆನಪಾಯಿತು. ಜಗಳವಾಡಿ ಹೋದವನು ಬಿದ್ದ ಚಪ್ಪರದಡಿ ಸುಮ್ಮನೆ ನೆನೆದು ಬಂದೆ ಎಂದು ಯಾವ ಬಾಯಲ್ಲಿ ಹೇಳುವುದು? ಬಚ್ಚಲಲ್ಲಿ ಪಂಚೆ ಹಿಂಡುತ್ತಾ ಹೆಂಡತಿಗೆ ಹೇಳಿದ ಒಂದು ಮಾತು. ಅದನ್ನು ಯಾವ ಗಂಡಸು ನೆನಪಿಟ್ಟುಕೊಳ್ಳುತ್ತಾನೆ!

“ಹಾಗಾದ್ರೆ ಆ ಪುಣ್ಯಾತ್ಮರು ತಾವೇ!” ಭಾಗವತರು ಎದ್ದು ಕೈಮುಗಿದರು. ನಾಲ್ಕು ಜನ ಆದಿರಾಜರನ್ನು ಬೆಂಚಿನಿಂದಲೇ ಎತ್ತಿ ವೇದಿಕೆಗೆ ಸಾಗಿಸಿದರು. ಸನ್ಮಾನದ ಶಾಲನ್ನು ಭಾಗವತರು ಅವರಿಗೇ ಹೊದಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಕಾಮತರು. “ಆದರೆ ಕಛೇರಿ ಆಗಲಿಲ್ಲ ಅಂತ ನಾನು ಹೇಳಿದ್ದು ಸರಿಯಲ್ಲವಾ?” ಎಂದು ಆದಿರಾಜರು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ವೇದಿಕೆಯ ಮೇಲಿಂದ ಅವರಿಗೆ ಕಂಡದ್ದು ಬಾಗಿಲು ದಾಟಿ ಹೋಗುತ್ತಿದ್ದ ಅನಂತಮತಿಯ ಬೆನ್ನು.

ಅವರು ಏದುಸಿರು ಬಿಡುತ್ತಾ ಬಸ್‌ಸ್ಟ್ಯಾಂಡ್ ಮುಟ್ಟುವಾಗ ಆಕೆ ಶಿರ್ತಾಡಿಯ ಬಸ್ಸಿನ ಕಿಟಕಿಯ ಬದಿಯಲ್ಲಿ ಕೂತಾಗಿತ್ತು.

“ಎಲ್ಲಿಗೆ ಹೊರಟದ್ದು?”

“ತಂಗಿಯ ಮನೆಗೆ. ಅವಳ ಹತ್ತಿರ ತಪ್ಪಾಯಿತು ಅಂತ ಹೇಳಲಿಕ್ಕೆ ಉಂಟು. ಯಾವಾಗ ಬರ್ತೇನೆ ಅಂತ ಗೊತ್ತಿಲ್ಲ.”

“ನೋಡು, ಇವತ್ತು ಇಡೀ ಊರಿನಲ್ಲಿ ನಿಜ ಹೇಳಿದವನು ನಾನೊಬ್ಬನೇ!”

“ಹೌದು. ಅದಕ್ಕೇ ಹೋಗುವುದು.”

ಆದಿರಾಜರಿಗೆ ರೇಗಿತು. ಹೆಗಲಿನ ಶಾಲನ್ನು ಹಿಂದಕ್ಕೆ ಸರಿಸಿ, “ಯಾರು ಏನೇ ಹೇಳಲಿ, ನಿಜ ನಿಜವೇ!” ಎಂದು ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ದಡದಡ ಬಡಿದರು.

ಕಂಡಕ್ಟರನೇ ಬಡಿದನೆಂದುಕೊಂಡು ಡ್ರೈವರು ಬಸ್ಸು ಬಿಟ್ಟ.