ಮೆಣಸಿನಕಾಯಿ ಚೀಲದಲ್ಲಿ ರೇಡಿಯೋ

ರೇಡಿಯೋ ರಿಪೇರಿಗೆ ಅಂಗಡಿ ಯಾಕೆ? ನನಗೇ ಎರಡು ಕೈ ಇವೆ. ಶಾಲೆ ಮೂರನೆಯ ತರಗತಿಗೆ ಬಿಟ್ಟವಳು ನಾನು. ಆದರೆ ಮುರಿದ ಬಾಗಿಲು ನಿಲ್ಲಿಸಿದ್ದೇನೆ, ಒದೆಯುವ ಎಮ್ಮೆಯಿಂದ ಹಾಲು ಕರೆದಿದ್ದೇನೆ. ಒಂದು ಗೇಣಿನ ಪೆಟ್ಟಿಗೆ ನನ್ನ ಮಾತು ಕೇಳುವುದಿಲ್ಲವೇ ಎಂದುಕೊಂಡೆ.

ಅದು ನಮ್ಮವರ ರೇಡಿಯೋ. ಅವರು ಕಾಲುವೆಯ ಗೇಟಿನಲ್ಲಿ ಕೂಲಿಗೆ ಹೋಗುತ್ತಿದ್ದರು. ಸಂಜೆ ನಮ್ಮೂರು ಕಕ್ಕೇರಾಕ್ಕೆ ಬಂದವರೇ ಕೈಕಾಲು ತೊಳೆದು, ಕಟ್ಟೆಯ ಮೇಲೆ ಕೂತು, ಅದನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದರು. ಸಣ್ಣಗೆ ಇಟ್ಟರೆ ಸೆಲ್ಲು ಬಾಳುತ್ತದೆ ಎನ್ನುತ್ತಿದ್ದರು. ನಮಗೇನೂ ಕೇಳುತ್ತಿರಲಿಲ್ಲ.

ಅವರು ಹೋಗಿ ವರ್ಷ ತುಂಬಲು ಬಂತು. ವರ್ಷದ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆಯ ಜೊತೆ ಇಡುವುದು ನಮ್ಮಲ್ಲಿ ಪದ್ಧತಿ. ಹೋಳಿಗೆ, ಬೀಡಿ ಎಲ್ಲರೂ ಇಡುತ್ತಾರೆ. ನಾನು ಹಾಡುವ ರೇಡಿಯೋ ಇಡುತ್ತೇನೆ ಎಂದು ಓಣಿಗೆಲ್ಲ ಹೇಳಿದೆ.

ಹೊಸ ಸೆಲ್ಲು ಹಾಕಿದೆ. ಉಸಿರಿಲ್ಲ. ಬೆನ್ನಿಗೆ ಒಂದು ಬಾರಿಸಿದೆ. ಇನ್ನೊಂದು ಬಾರಿಸಿದೆ. ಅದು ಕೈಯಿಂದ ಹಾರಿ ನೀರಿನ ಹಂಡೆಗೆ ಬಿತ್ತು.

ಸತ್ತ ಸೆಲ್ಲನ್ನು ಬಿಸಿಲಿಗಿಟ್ಟರೆ ಜೀವ ಬರುತ್ತದೆ, ರೇಡಿಯೋಕ್ಕೆ ಯಾಕೆ ಬರಬಾರದು? ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಅದರ ನಡುವೆ ಕೂಡಿಸಿ ಹೊಲಕ್ಕೆ ಹೋದೆ. ನಮ್ಮ ಅತ್ತೆ ಭೀಮವ್ವನವರಿಗೆ ಕಣ್ಣು ಮಬ್ಬು. ಸಂಜೆ ಮೆಣಸಿನಕಾಯಿ ಬಳಿದು ಚೀಲಕ್ಕೆ ತುಂಬುವಾಗ ರೇಡಿಯೋವನ್ನೂ ತುಂಬಿ, ಕಾಲಲ್ಲಿ ತುಳಿದು, ಬಾಯಿ ಹೊಲಿದುಬಿಟ್ಟರು.

ಹುಡುಕಲು ಎಲ್ಲ ಚೀಲ ಬಿಚ್ಚಿ ಸುರುವಿದೆವು. ಇಡೀ ಓಣಿ ಸೀನಿತು. ಪಕ್ಕದ ಮನೆಯ ಬಸ್ಸಮ್ಮ ಸೆರಗು ಮೂಗಿಗೆ ಹಿಡಿದು ಬಂದಳು. "ಲಾಲಮ್ಮ, ರೇಡಿಯೋ ಹಾಡ್ತದಂತ ಹೇಳಿದ್ದಿ, ನಮ್ಮ ಮೂಗು ಹಾಡಾಕತ್ತಾವಲ್ಲ" ಅಂದಳು.

ಸಿಕ್ಕಿತು. ತಿರುವಿದರೆ ಗರ್ ಅನ್ನಲೂ ಇಲ್ಲ.

"ನನ್ನ ಮಗ ಇರೋತನ ದಿನಾ ಮಾತಾಡ್ತಿತ್ತು. ನೀ ಮುಟ್ಟಿದಿ, ಸತ್ತಿತು" ಅಂದರು ಅತ್ತೆ.

"ಚೀಲಕ್ಕ ಹಾಕಿ ತುಳದವರು ಯಾರ್ರಿ ಅತ್ತಿ?"

"ಬಡದು ನೀರಾಗ ಒಗದಾಕಿ ಯಾರು? ಅವನ ಕೈಯಾಗ ಕೂಸಿನಂಗ ಇತ್ತು. ಅವಂದಂತ ಉಳಿದಿದ್ದು ಅದೊಂದ."

ರಾತ್ರಿ ರೊಟ್ಟಿ ಬಡಿಯಲಿಲ್ಲ. ರಿಪೇರಿ ಮಾಡಿಸಬೇಕು, ಅಥವಾ ನಾನೇ ಕೊಂದೆ ಅಂತ ಸಾಯುವವರೆಗೆ ಕೇಳಿಸಿಕೊಳ್ಳಬೇಕು.

ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದೆ. ಅತ್ತೆಯೂ ಹತ್ತಿದರು. ರೇಡಿಯೋ ನನ್ನ ಕೈಗೆ ಕೊಡಲಿಲ್ಲ.

ಅಲ್ಲಿನ ರೇಡಿಯೋ ಅಂಗಡಿಯ ಅಮೀನುದ್ದೀನ ಹಿಂದಿನ ಮುಚ್ಚಳ ತೆಗೆದು, ಊದಿ, ಸೀನಿದ. ಮತ್ತೆ ಸೀನಿದ.

"ಅಕ್ಕಾರ, ರಿಪೇರಿಗೆ ತಂದೀರೋ, ಒಗ್ಗರಣಿಗೋ?"

"ನಾ ಕೆಡಿಸೀನೋ ಇಲ್ಲೋ, ಅಷ್ಟ ಹೇಳ್ರಿ" ಅಂದೆ.

ಅವನು ಬೆಳಕಿಗೆ ಹಿಡಿದು ನೋಡಿದ. "ಇದು ನಮ್ಮ ಕೈಗೆ ಬಂದಿದ್ದ ರೇಡಿಯೋನ. ಕಾಲುವಿಗೆ ಮೊದಲ ಸಲ ನೀರು ಬಿಟ್ಟ ವರ್ಷನ ಸತ್ತದ್ರಿ, ಭಾಳ ವರ್ಷ ಆತು. ಸೆಲ್ಲು ಸೋರಿ ಒಳಗಿನ ತಂತಿ ತಿಂದಾವ. ಬ್ಯಾರೆ ಸಾಮಾನು ಹಾಕಿಕೊಡ್ತೀನಂದ್ರ ನಿಮ್ಮವರು ಬ್ಯಾಡ ಅಂದ್ರು. ಹಂಗ ಮುಚ್ಚಿಸ್ಕೊಂಡು ಹೋದ್ರು."

"ಸುಳ್ಳು" ಅಂದರು ಅತ್ತೆ. "ನನ್ನ ಮಗ ಹೋಗೋ ಹಿಂದಿನ ದಿನಾನೂ ಕೇಳ್ಯಾನ."

"ಸತ್ತ ರೇಡಿಯೋದಾಗ ಏನು ಕೇಳ್ತೀರಿ ಅಂತ ನಾನೂ ಕೇಳಿದ್ದೆ, ದೊಡ್ಡವ್ವ." ಅವನು ನಮ್ಮಿಬ್ಬರ ಮುಖ ನೋಡಿ ತಿರುಪುಳಿ ಕೆಳಗಿಟ್ಟ. "'ಮನ್ಯಾಗ ಎರಡು ಸ್ಟೇಷನ್ ಒಮ್ಮೆಗೇ ಹತ್ತತಾವ, ಮೂರನೇದ್ದು ಯಾಕ' ಅಂತ ನಕ್ಕರು."

ಅತ್ತೆ ನನ್ನನ್ನು ನೋಡಿದರು. ನಾನು ಗೋಡೆಯನ್ನು ನೋಡಿದೆ.

"ಈಗ ಹಾಕ್ಲೋ ಬ್ಯಾಡೋ? ಹೊಸ ಸಾಮಾನು ಹಾಕಿದ್ರ ಹಾಡ್ತದ" ಅಂದ ಅವನು.

ಅತ್ತೆ ನನ್ನ ಕಡೆ ತಿರುಗಿದರು. "ನೀನ ಹೇಳು" ಅಂದರು. ಆ ಮನೆ ಸೇರಿದಂದಿನಿಂದ ಅವರು ನನ್ನನ್ನು ಏನನ್ನೂ ಕೇಳಿದವರಲ್ಲ.

ಹಾಡುವ ರೇಡಿಯೋ ಯಾರಿಗೆ ಇಡಲಿ? ನಮ್ಮವರಿಗೆ ಇಷ್ಟವಾದದ್ದು ಹಾಡದ ರೇಡಿಯೋ.

"ಮುಚ್ಚಿಬಿಡ್ರಿ" ಅಂದೆ.

ಅಮೀನುದ್ದೀನ ತಿರುಪು ಹಾಕುತ್ತ, "ಅವರ ಕೆಲಸಕ್ಕ ಇದು ಸರಿನ ಇತ್ತು ಬಿಡ್ರಿ" ಅಂದ.

ವಾಪಸು ಬಸ್ಸಿನಲ್ಲಿ ಅತ್ತೆ ರೇಡಿಯೋವನ್ನು ನನ್ನ ತೊಡೆಯ ಮೇಲೆ ಇಟ್ಟರು. ಟಿಕೀಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಶುರುವಾಯಿತು. ಹಂಡೆ ಮುಚ್ಚದೇ ಇಟ್ಟದ್ದು, ಮೆಣಸಿನಕಾಯಿ ಮಣ್ಣಾದದ್ದು, ರೊಟ್ಟಿ ಬಡಿಯದೇ ಮಲಗಿದ್ದು, ನಮ್ಮ ತವರಿನವರು.

ನಾನು ರೇಡಿಯೋವನ್ನು ಕಿವಿಗೆ ಒತ್ತಿ ಹಿಡಿದೆ. ಗಟ್ಟಿಯಾಗಿ ಒತ್ತಿದೆ. ಖಾರಕ್ಕೆ ಕಿವಿ ಉರಿಯಿತು. ಅತ್ತೆಯ ಒಂದು ಮಾತೂ ತಪ್ಪಲಿಲ್ಲ.

ಅಂದರೆ ನಮ್ಮವರಿಗೂ ಎಲ್ಲ ಕೇಳುತ್ತಿತ್ತು.